ಪೇಡೆ ಡಬ್ಬಿಯ ಮೇಲಿನ ಲೈಸೆನ್ಸ್: ಕೊನೆಗೆ ‘ಸಿ’ಯೋ ‘ಎಸ್’ಓ?

ಪ್ರಶ್ನೆ: ಮನೆಯಲ್ಲೇ ಪೇಡೆ ಮಾಡಿ ಮಾರುತ್ತೇವೆ. ಹೊಸ ಡಬ್ಬಿಗಳನ್ನು ಗದಗಿನ ಮುದ್ರಣಾಲಯವೊಂದಕ್ಕೆ ಅಚ್ಚಿಗೆ ಕೊಟ್ಟಿದ್ದೇವೆ. ಲೈಸೆನ್ಸ್ ಎಂಬ ಇಂಗ್ಲಿಷ್ ಪದ ‘ಸಿಇ’ ಎಂದು ಮುಗಿಯಬೇಕು ಎನ್ನುತ್ತಾರೆ ಮುದ್ರಕರು. ಕಾಲೇಜಿಗೆ ಹೋಗುವ ಮಗಳು ‘ಎಸ್‌ಇ’ ಸರಿ ಎಂದು ಹಟ ಹಿಡಿದಿದ್ದಾಳೆ. ಮೊಬೈಲ್ ಕೂಡ ‘ಸಿಇ’ ಬರೆದರೆ ಕೆಂಪು ಗೆರೆ ಎಳೆಯುತ್ತದೆ. ಯಾವುದು ಸರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಡಬ್ಬಿಯ ಮಟ್ಟಿಗೆ ಮುದ್ರಕರ ಮಾತು ಸರಿ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಪದ್ಧತಿ. ಅದರಲ್ಲಿ ಪರವಾನಗಿ ಎಂಬ ನಾಮಪದಕ್ಕೆ ‘ಸಿಇ’, ಪರವಾನಗಿ ಕೊಡು ಎಂಬ ಕ್ರಿಯಾಪದಕ್ಕೆ ‘ಎಸ್‌ಇ’. ಅಮೆರಿಕದವರು ಎರಡಕ್ಕೂ ‘ಎಸ್‌ಇ’ ಬರೆಯುತ್ತಾರೆ. ನಿಮ್ಮ ಮೊಬೈಲ್‌ನ ಭಾಷೆ ಅಮೆರಿಕದ ಇಂಗ್ಲಿಷ್‌ಗೆ ಹೊಂದಿಕೊಂಡಿರಬೇಕು, ಕೆಂಪು ಗೆರೆ ಬರುವುದು ಅದರಿಂದ. ಹಾಗಾಗಿ ಮಗಳನ್ನು ತಪ್ಪಿತಸ್ಥೆ ಎನ್ನಬೇಡಿ, ಅವಳು ಬರೆದದ್ದು ಇನ್ನೊಂದು ದೇಶದ ಸರಿ ರೂಪ.

ಗೊಂದಲ ಉಳಿಯುವುದಕ್ಕೆ ಕಾರಣ ಉಚ್ಚಾರಣೆ. ಸಲಹೆ ಎಂಬ ಅರ್ಥದ ‘ಅಡ್ವೈಸ್’ ಪದದಲ್ಲೂ ಇದೇ ‘ಸಿ’–‘ಎಸ್’ ಭೇದವಿದೆ, ಆದರೆ ಕ್ರಿಯಾಪದವಾದಾಗ ಕೊನೆಯ ಸದ್ದೇ ಬದಲಾಗುವುದರಿಂದ ಕಿವಿ ನೆರವಿಗೆ ಬರುತ್ತದೆ. ಲೈಸೆನ್ಸ್‌ನಲ್ಲಿ ಎರಡೂ ಒಂದೇ ಸದ್ದು. ಬರೆಯುವಾಗ ಅಡ್ವೈಸ್ ಜೋಡಿಯನ್ನು ನೆನೆದರೆ ಸಾಕು.

ಕಾನೂನಿನ ಪುಸ್ತಕಗಳನ್ನು ತೆರೆದರೂ ಎರಡು ರೂಪಗಳು ಸಿಗುತ್ತವೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲನಾ ಪರವಾನಗಿಗೆ ‘ಸಿಇ’ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲೂ ಹಾಗೆಯೇ. ಆದರೆ 1882ರ ಭಾರತೀಯ ಈಸ್‌ಮೆಂಟ್ (ಪಕ್ಕದವರ ಜಮೀನಿನಲ್ಲಿ ದಾರಿಯಂಥ ಅನುಭೋಗದ ಹಕ್ಕು) ಕಾಯ್ದೆಯ 52ನೆಯ ಕಲಮು ನಾಮಪದವನ್ನೇ ‘ಎಸ್‌ಇ’ ಎಂದು ಬರೆಯುತ್ತದೆ. ಮತ್ತೊಬ್ಬರ ಜಾಗವನ್ನು, ಅದರ ಮೇಲೆ ಹಕ್ಕು ಪಡೆಯದೆ, ಬಳಸಲು ಸಿಗುವ ಅನುಮತಿಗೆ ಅಲ್ಲಿ ಆ ಹೆಸರು. ಬ್ರಿಟಿಷರೇ ಬರೆದ ಕಾಯ್ದೆಯಲ್ಲಿ ಹೀಗಿರುವಾಗ, ಒಂದು ಅಕ್ಷರಕ್ಕಾಗಿ ಯಾರನ್ನೂ ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಕನ್ನಡದಲ್ಲೂ ಪರವಾನಗಿ, ಪರವಾನಿಗೆ ಎಂಬ ಎರಡು ರೂಪಗಳನ್ನು ನಾವು ತಕರಾರಿಲ್ಲದೆ ಓದುತ್ತೇವಲ್ಲ!

ನಿಜವಾದ ತಪ್ಪುಗಳು ಬೇರೆ ಇವೆ. ಪದದ ನಡುವಿನ ‘ಸಿ’ ಎಲ್ಲ ದೇಶಗಳಲ್ಲೂ ‘ಸಿ’ಯೇ, ಅಲ್ಲಿ ‘ಎಸ್’ ಹಾಕಿದರೆ ಎಲ್ಲಿಯೂ ಸಲ್ಲದು. ಲೈಸೆನ್ಸ್ಡ್, ಲೈಸೆನ್ಸಿ, ಲೈಸೆನ್ಸಿಂಗ್ ಪದಗಳಿಗೆ ಬ್ರಿಟಿಷ್ ಪದ್ಧತಿಯಲ್ಲೂ ‘ಎಸ್’ ಬೇಕು. ಮುದ್ರಕರು ಇಲ್ಲಿಯೂ ‘ಸಿ’ ಹಾಕಿದರೆ ತಿದ್ದಿಸಿ.

ಅಕ್ಷರಕ್ಕಿಂತ ಅರ್ಥದ ಬಗ್ಗೆ ನನಗೆ ಹೆಚ್ಚು ಕಾಳಜಿ. ಆಹಾರ ಸುರಕ್ಷತೆ ಕಾಯ್ದೆ ಸಣ್ಣ ತಯಾರಕರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟು, ನೋಂದಣಿಯನ್ನಷ್ಟೇ ಕಡ್ಡಾಯ ಮಾಡಿದೆ. ಎರಡಕ್ಕೂ 14 ಅಂಕಿಗಳ ಸಂಖ್ಯೆ ಬರುತ್ತದೆ. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ನೋಂದಣಿ. ಮನೆಯಲ್ಲೇ ಪೇಡೆ ಮಾಡುವ ನಿಮ್ಮದು ಎರಡನೆಯದೇ ಇರಬಹುದು, ಪ್ರಮಾಣಪತ್ರ ತೆಗೆದು ನೋಡಿ. ನೋಂದಣಿ ಮಾತ್ರ ಇದ್ದರೆ ‘ಸರ್ಕಾರದಿಂದ ಲೈಸೆನ್ಸ್ ಪಡೆದವರು’ ಎಂದು ದೊಡ್ಡಕ್ಷರಗಳಲ್ಲಿ ಹಾಕಿಸುವುದು ಬೇಡ.

ಇನ್ನು ಡಬ್ಬಿಯ ಮೇಲೆ ಪೂರ್ತಿ ಪದ ಬರೆಯಲೇಬೇಕೆಂದಿಲ್ಲ. ಆಹಾರದ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ, ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಲಾಂಛನದ ಬಳಿ, ಪದದ ಮೊದಲ ಮೂರು ಅಕ್ಷರಗಳಷ್ಟೇ ಇರುವ ‘ಲಿಕ್. ನಂ.’ ಎಂಬ ಸಂಕ್ಷೇಪವಿರುತ್ತದೆ. ಅದರಲ್ಲಿ ಜಗಳದ ಅಕ್ಷರವೇ ಇಲ್ಲ. ಕರಡಚ್ಚು ಬಂದಾಗ ಮಗಳೂ ನೀವೂ ಕೂತು, ಒಬ್ಬರು ಪ್ರಮಾಣಪತ್ರ ಓದಿ, ಇನ್ನೊಬ್ಬರು ಆ 14 ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಆಮೇಲೆ ಅಚ್ಚಿಗೆ ಒಪ್ಪಿಗೆ ಕೊಡಿ.