ಎಲ್ಲವನ್ನೂ ಒಂದೇ ತಿಂಗಳಲ್ಲಿ ಬದಲಿಸಬೇಡಿ: ಮಂಡ್ಯದ ಗೆಳೆಯರಿಗೆ ಉತ್ತರ

ಮಂಡ್ಯದ ಗೆಳೆಯರು ತಮ್ಮ ಪಾಪ್-ಪಂಕ್ (ವೇಗದ, ಸರಳ ರಾಗದ ರಾಕ್) ಬ್ಯಾಂಡಿನ ಬಗ್ಗೆ ಬರೆದದ್ದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆರು ಹಾಡು ಕಟ್ಟಿದ್ದೀರಿ, ಅಮೆರಿಕದ ಗ್ರೀನ್ ಡೇ ಬ್ಯಾಂಡ್ ಬದಲಾದ ಹಾಗೆ ನಾವೂ ಬದಲಾಗಬೇಕು ಎನ್ನುತ್ತೀರಿ, ಅದಕ್ಕಾಗಿ ಈ ತಿಂಗಳಲ್ಲೇ ಕೀಬೋರ್ಡ್ ಸೇರಿಸಿ, ಕಾಲಪ್ರಮಾಣ ಇಳಿಸಿ, ಶ್ರುತಿ ತಗ್ಗಿಸಿ, ಗಿಟಾರಿನ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲನ್ನು ಮಾರಲು ಹೊರಟಿದ್ದೀರಿ. ದಯವಿಟ್ಟು ಪೆಡಲ್ ಮಾರಬೇಡಿ. ಇದೇ ತಪ್ಪನ್ನು ಮೈಸೂರಿನಲ್ಲಿ 2011ರಲ್ಲಿ ನಾವೂ ಮಾಡಿದೆವು.

ಗ್ರೀನ್ ಡೇಯ ಆಲ್ಬಂ ‘ಡೂಕಿ’ ಬಂದದ್ದು 1994ರಲ್ಲಿ, ‘ಅಮೆರಿಕನ್ ಈಡಿಯಟ್’ 2004ರಲ್ಲಿ. ನಡುವೆ ಬಂದ ಮೂರು ಆಲ್ಬಂಗಳನ್ನು ನೀವು ಕೇಳಿದಂತೆ ಕಾಣುವುದಿಲ್ಲ. 1997ರ ‘ನಿಮ್ರಾಡ್’ನಲ್ಲಿ ಪಿಟೀಲು, ಕಹಳೆಗಳು ಅಲ್ಲೊಂದು ಇಲ್ಲೊಂದು ಹಾಡಿಗೆ ಸೇರಿದವು. 2000ದ ‘ವಾರ್ನಿಂಗ್’ನಲ್ಲಿ ಅಕೂಸ್ಟಿಕ್ ಗಿಟಾರ್ ಮುಂದಕ್ಕೆ ಬಂತು. ‘ಅಮೆರಿಕನ್ ಈಡಿಯಟ್’ಗಾಗಿ ಒಂಬತ್ತು ನಿಮಿಷ ಮೀರುವ, ಐದು ಭಾಗಗಳ ಹಾಡನ್ನು ಹೆಣೆಯುವ ಹೊತ್ತಿಗೆ ಅದೇ ಮೂವರು ಹತ್ತು ವರ್ಷಕ್ಕೂ ಮಿಕ್ಕಿ ಜೊತೆಯಲ್ಲಿ ನುಡಿಸಿದ್ದರು. ಪ್ಯಾರಾಮೋರ್ ಬ್ಯಾಂಡ್ ಕೂಡ 2007ರ ‘ರಾಯಟ್’ನಿಂದ ‘ಆಫ್ಟರ್ ಲಾಫ್ಟರ್’ನ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಸದ್ದಿಗೆ ಬರಲು ಹತ್ತು ವರ್ಷ ತೆಗೆದುಕೊಂಡಿತು.

ನಮ್ಮನ್ನು ಮರುಳು ಮಾಡಿದ್ದು ಇನ್ನೊಂದು ಪಾಪ್-ಪಂಕ್ ಬ್ಯಾಂಡ್ ಬ್ಲಿಂಕ್-182ರ 2003ರ ಆಲ್ಬಂ. ಸರಸ್ವತಿಪುರದ ಮಹಡಿಯ ಕೋಣೆಯಲ್ಲಿ ಮೂವರೇ ನುಡಿಸುತ್ತಿದ್ದವರು ಬಾಡಿಗೆಗೆ ಕೀಬೋರ್ಡ್ ತಂದು, ಎರಡನೇ ಗಿಟಾರಿಗೆ ಒಬ್ಬರನ್ನು ಕರೆದು, ಹಳೆಯ ಹಾಡುಗಳನ್ನೆಲ್ಲ ಹಾಫ್-ಟೈಮಿಗೆ, ಅಂದರೆ ಅರ್ಧ ವೇಗದಂತೆ ಕೇಳುವ ಲಯಕ್ಕೆ, ತಿರುಗಿಸಿದೆವು. ಎರಡು ಮತ್ತು ನಾಲ್ಕನೇ ಎಣಿಕೆಗೆ ಬೀಳುತ್ತಿದ್ದ ಸ್ನೇರ್ (ಡ್ರಮ್ಸ್ ಸೆಟ್ಟಿನ ಚುರುಕು ಸದ್ದಿನ ಡ್ರಮ್) ಪೆಟ್ಟು ಈಗ ಮೂರಕ್ಕೆ ಮಾತ್ರ ಬೀಳಬೇಕಿತ್ತು. ಕಾಲೇಜು ಉತ್ಸವದ ವೇದಿಕೆಯಲ್ಲಿ ನಮ್ಮ ಡ್ರಮ್ಮರ್ ಎಣಿಕೆ ತಪ್ಪಲಿಲ್ಲ. ಆದರೆ ಪ್ರತಿ ಎರಡನೇ ಎಣಿಕೆಗೂ ಅವನ ಎಡಗೈ ಸ್ನೇರಿನ ಮೇಲೆ ಒಂದು ಗೇಣು ಎತ್ತರದಲ್ಲಿ ತಡವರಿಸಿ ನಿಲ್ಲುತ್ತಿತ್ತು, ಅದರಿಂದಾಗಿ ಮೂರನೆಯ ಪೆಟ್ಟು ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಪಕ್ಕದಲ್ಲಿ ಬಾಸ್ ಹಿಡಿದಿದ್ದ ನಾನು ಆ ಕೈಯನ್ನೇ ನೋಡುತ್ತಾ ನನ್ನ ಎಣಿಕೆಯನ್ನೂ ಕಳೆದುಕೊಂಡೆ. ಕೀಬೋರ್ಡ್ ಮತ್ತು ಎರಡು ಗಿಟಾರುಗಳು ಒಂದೇ ಸ್ಥಾಯಿಯಲ್ಲಿ ಮುಗಿಬಿದ್ದು, ಹಾಡಿದ ಒಂದು ಅಕ್ಷರವೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಬ್ಯಾಂಡ್ ಒಡೆಯಿತು.

ಆಮೇಲೆ ನನ್ನ ಕೈಹಿಡಿದದ್ದು ಒಂದೇ ಅಭ್ಯಾಸ. ಒಂದು ಬ್ಯಾಂಡಿನ ಆಲ್ಬಂಗಳನ್ನು ಇಸವಿಯ ಕ್ರಮದಲ್ಲಿಟ್ಟುಕೊಂಡು, ಗಿಟಾರನ್ನೂ ಹಾಡನ್ನೂ ಮನಸ್ಸಿನಿಂದ ಬದಿಗಿಟ್ಟು, ಸ್ನೇರ್ ಒಂದನ್ನೇ ಕೇಳಿ ಗೆರೆ ಪುಸ್ತಕದಲ್ಲಿ ಎಣಿಕೆ ಗುರುತಿಸಬೇಕು. ಬ್ಲಿಂಕ್‌ಗೆ 1998ರಲ್ಲಿ ಡ್ರಮ್ಮರ್ ಟ್ರಾವಿಸ್ ಬಾರ್ಕರ್ ಬಂದರು, ಮರುವರ್ಷದ ಆಲ್ಬಂನಲ್ಲೇ ಗಿಟಾರ್ ಹೆಚ್ಚು ಬದಲಾಗದೆ ಲಯದ ತಳಪಾಯ ಬದಲಾದದ್ದು ಹೀಗೆ ಕೇಳಿದರೆ ಎದ್ದು ಕಾಣುತ್ತದೆ. ನೀವು ಒಂದು ಹಳೆಯ ಹಾಡನ್ನು ಆರಿಸಿ ಡ್ರಮ್ಸ್ ಒಂದನ್ನೇ ಹಾಫ್-ಟೈಮಿಗೆ ಇಳಿಸಿ ಎರಡು ವಾರ ನುಡಿಸಿ, ಉಳಿದದ್ದೆಲ್ಲ ಮೊದಲಿನಂತೆಯೇ ಇರಲಿ. ಕೈ ತಡವರಿಸುವುದು ನಿಂತ ಮೇಲೆ ಕೀಬೋರ್ಡನ್ನು ಪಲ್ಲವಿಗೆ ಮಾತ್ರ ತನ್ನಿ. ಎಣಿಕೆಗೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಇಲ್ಲದೆ ಇದನ್ನು ಮಾಡಲು ಹೋಗಬೇಡಿ.

ಬೇರೆ ಸದ್ದಿನ ಆಸೆ ತಡೆಯದಿದ್ದರೆ ಪಕ್ಕದಲ್ಲಿ ಇನ್ನೊಂದು ಬ್ಯಾಂಡ್ ಕಟ್ಟಿ ನೋಡಬಹುದು. ಬ್ಲಿಂಕ್‌ನ ಗಿಟಾರ್ ವಾದಕ ಟಾಮ್ ಡಿಲಾಂಗ್ ಮತ್ತು ಬಾರ್ಕರ್ 2002ರಲ್ಲಿ ಬಾಕ್ಸ್ ಕಾರ್ ರೇಸರ್ ಹೆಸರಿನಲ್ಲಿ ಅದನ್ನೇ ಮಾಡಿದರು, ಆ ಗಾಢ ಸದ್ದಿನ ಒಂದಿಷ್ಟು ಮರುವರ್ಷ ಬ್ಲಿಂಕ್‌ಗೂ ಬಂತು. ಆದರೆ ಹೊರಗುಳಿದ ಬ್ಲಿಂಕ್‌ನ ಮೂರನೆಯವರು ಮಾರ್ಕ್ ಹಾಪಸ್ ಅವರಿಗೆ ಅದು ನೋವಾಯಿತು, ಆದ್ದರಿಂದ ನಿಮ್ಮ ಮೂರನೆಯವರಿಗೆ ಮೊದಲೇ ತಿಳಿಸಿ.

ಶ್ರುತಿ ಇಳಿಸಿದರೆ ಪ್ರೌಢತೆ ಬರುತ್ತದೆ ಎಂಬ ನಂಬಿಕೆಯನ್ನೂ ಬಿಡಿ. ‘ಡೂಕಿ’ಯ ಹೆಚ್ಚಿನ ಹಾಡುಗಳು ಆಗಲೇ ಅರ್ಧ ಸ್ವರ ಕೆಳಗಿವೆ. ಇಳಿಸಲೇಬೇಕೆಂದರೆ ಹಾಡುವವರ ಕಂಠ ನೋಡಿ ಇಳಿಸಿ, ಹತ್ತರ ದಪ್ಪದ ತಂತಿ ಸಡಿಲವೆನಿಸಿದರೆ ಇನ್ನೂ ದಪ್ಪದ ಹನ್ನೊಂದರ ಸೆಟ್ ಹಾಕಿ, ಹಾಕಿದ ಮೇಲೆ ಗಿಟಾರಿನ ನೆಕ್ (ಕುತ್ತಿಗೆ) ಬಾಗಿದೆಯೇ ಎಂದು ನೋಡಿ. ನನಗೆ ಡಿ'ಅಡ್ಡಾರಿಯೋ ಕಂಪನಿಯ ತಂತಿಯೇ ಹೆಚ್ಚು ದಿನ ತಾಳಿದೆ. ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಸ್ಟಾರ್ಷನ್ ಪೆಡಲ್ ಡಿಎಸ್-1 ಇದ್ದರೆ ನಿಮಗೆ ಸಾಕು, ಟೋನ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಡಿ. ಡಿಲಾಂಗ್ ಹೆಸರಿನ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ಇದ್ದದ್ದೇ ತಂತಿಯ ಸದ್ದು ಹಿಡಿಯುವ ಒಂದು ಪಿಕಪ್, ಒಂದು ವಾಲ್ಯೂಮ್ ಗುಂಡಿ.

ಎರಡು ವಾರದ ಅಭ್ಯಾಸದ ನಂತರ ಮೊಬೈಲನ್ನು ಕೋಣೆಯ ಹೊರಗೆ ಮೆಟ್ಟಿಲ ಮೇಲಿಟ್ಟು ರೆಕಾರ್ಡ್ ಮಾಡಿ ಇಲ್ಲಿ ಹಾಕಿ. ಒಳಗಿಟ್ಟರೆ ಡ್ರಮ್ಸಿನ ಸಿಂಬಲ್ (ಲೋಹದ ತಟ್ಟೆ) ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಮೂರನೆಯ ಪೆಟ್ಟು ಎಲ್ಲಿ ಬೀಳುತ್ತಿದೆ ಎಂದು ಎಣಿಸಿ ತಿಳಿಸುತ್ತೇನೆ.