ಧೂಳು ತೆಗೆದು ರ‍್ಯಾಮ್ ಹಾಕಿದ ಮೇಲೆ ಡಿಸ್‌ಪ್ಲೇ ಬರುತ್ತಿಲ್ಲ, ಮದರ್‌ಬೋರ್ಡ್ ಹೋಗಿದೆಯೇ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಮಾಲೂರಿನ ನಿಮ್ಮ ಮನೆಯಲ್ಲಿ ಐದು ವರ್ಷದಿಂದ ಸರಿಯಾಗಿ ನಡೆಯುತ್ತಿದ್ದ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿ, ಬ್ಲೋವರಿನಿಂದ ಧೂಳು ಹೊಡೆದು, ಪ್ರೊಸೆಸರಿನ ಫ್ಯಾನ್ ತೆಗೆದು ಶಾಖ ದಾಟಿಸುವ ಹೊಸ ಪೇಸ್ಟ್ ಹಚ್ಚಿ, ಹಳೆಯ 8 ಜಿಬಿ ಡಿಡಿಆರ್4 ರ‍್ಯಾಮಿನ ಜೊತೆಗೆ ಇನ್ನೊಂದು 8 ಜಿಬಿ ಹಾಕಿದ್ದೀರಿ. ಈಗ ಬಟನ್ ಒತ್ತಿದರೆ ಫ್ಯಾನುಗಳು ತಿರುಗುತ್ತವೆ, ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’ ಎಂದು ಬರುತ್ತದೆ. ಅಂಗಡಿಯವರು ಫೋನಿನಲ್ಲೇ ಕೇಳಿ ‘ಬೋರ್ಡ್ ಹೋಗಿದೆ’ ಎಂದಿದ್ದಾರೆ.

ಕೋಲಾರದಲ್ಲಿ ಹಲವು ವರ್ಷಗಳಿಂದ ಇದೇ ರಿಪೇರಿ ಕೆಲಸ ಮಾಡಿಕೊಂಡಿರುವ ನಾನು ಆ ಮಾತನ್ನು ಸದ್ಯಕ್ಕೆ ನಂಬಬೇಡಿ ಎನ್ನುತ್ತೇನೆ. ನಿನ್ನೆಯವರೆಗೆ ನಡೆದ ಯಂತ್ರ ಇಂದು ಬಿಚ್ಚಿ ಮುಚ್ಚಿದ ಮೇಲೆ ನಿಂತಿದೆ ಎಂದರೆ, ದೋಷ ಬಹುಮಟ್ಟಿಗೆ ನಿಮ್ಮ ಕೈ ಹೋದ ಜಾಗಗಳಲ್ಲೇ ಇರುತ್ತದೆ. ನೀವು ಮಾಡಿದ್ದು ಮೂರು ಕೆಲಸ. ಹೊಸ ಸಾಮಾನು ಕೊಳ್ಳುವ ಮೊದಲು ಆ ಮೂರನ್ನೂ ಕೊನೆಯದರಿಂದ ಹಿಂದಕ್ಕೆ ನೋಡುತ್ತಾ ಹೋಗಿ.

ಮೊದಲು ಗೋಡೆಯ ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ ಚುಚ್ಚಿ ಸ್ವಿಚ್ ಹಾಕಿರುವವರೆಗೆ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ಕರೆಂಟು ಕೊಡುವ ಡಬ್ಬಿ) ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ರ‍್ಯಾಮ್ ಕಿತ್ತು ಹಾಕುವುದು ಒಳ್ಳೆಯದಲ್ಲ. ನಮ್ಮ ಕಡೆಯ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ತು ಸೇರುವುದೂ ಸುಲಭ, ಆದ್ದರಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ ಕೆಲಸ ಶುರುಮಾಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ.

ಫ್ಯಾನ್ ತಿರುಗಿ ಡಿಸ್‌ಪ್ಲೇ ಬಾರದಿದ್ದರೆ ನನ್ನ ಮೊದಲ ಅನುಮಾನ ಯಾವಾಗಲೂ ರ‍್ಯಾಮಿನ ಮೇಲೆಯೇ. ಎರಡನ್ನೂ ಹೊರಗೆ ತೆಗೆಯಿರಿ. ಚಿನ್ನದ ಬಣ್ಣದ ಕಾಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿಯನ್ನು ಬೋರ್ಡಿನಿಂದ ದೂರಕ್ಕೆ ಒಯ್ದು ಒಣ ಬ್ರಷ್ಷಿನಿಂದ ಉದುರಿಸಿ. ಬಾಯಿಂದ ಊದಿದರೆ ಎಂಜಲಿನ ತೇವ ಅದರ ಮೇಲೆ ಕೂರುತ್ತದೆ. ಸ್ಲಾಟಿನೊಳಗೆ ಧೂಳಿನ ಉಂಡೆ ಸಿಕ್ಕಿಕೊಂಡಿದೆಯೇ ಎಂದು ಮೊಬೈಲಿನ ಟಾರ್ಚ್ ಹಿಡಿದು ನೋಡಿ, ಏಕೆಂದರೆ ಬ್ಲೋವರ್ ಕೆಲವೊಮ್ಮೆ ಧೂಳನ್ನು ಹೊರಗೆ ಹಾಕುವ ಬದಲು ಸ್ಲಾಟಿಗೇ ತುಂಬುತ್ತದೆ. ಬಳಿಕ ಹಳೆಯ ರ‍್ಯಾಮ್ ಒಂದನ್ನೇ, ನಾಲ್ಕು ಸ್ಲಾಟುಗಳಿದ್ದರೆ ಪ್ರೊಸೆಸರಿನಿಂದ ಎರಡನೆಯದರಲ್ಲಿ, ಎರಡೇ ಇದ್ದರೆ ಮೊದಲು ಅದು ಇದ್ದ ಜಾಗದಲ್ಲೇ, ‘ಟಕ್’ ಎಂದು ಕ್ಲಿಪ್ ಕೂರುವ ತನಕ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಇದಕ್ಕೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಬಲ ಬೇಕು. ಒಂದೇ ಕಡೆ ಕ್ಲಿಪ್ ಇರುವ ಬೋರ್ಡುಗಳಲ್ಲಿ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆ ನಿಂತಿದ್ದರೂ ಮೇಲಿನಿಂದ ನೋಡುವವರಿಗೆ ಸರಿಯಾಗಿಯೇ ಕಾಣುತ್ತದೆ. ಹಳೆಯದರಲ್ಲಿ ಡಿಸ್‌ಪ್ಲೇ ಬಂದರೆ, ಹೊಸದನ್ನು ಅದೇ ಸ್ಲಾಟಿನಲ್ಲಿ ಒಂಟಿಯಾಗಿ ಹಾಕಿ ನೋಡಿ. ಆಗ ಬಾರದಿದ್ದರೆ ತಂದ ರ‍್ಯಾಮನ್ನು ಹಿಂದಕ್ಕೆ ಕೊಟ್ಟು ಬದಲಾಯಿಸಿಕೊಳ್ಳಿ.

ಎರಡನೆಯದು ಪ್ರೊಸೆಸರಿಗೆ ಕರೆಂಟು ಕೊಡುವ ತಂತಿ. ಬೋರ್ಡಿನ ಅಂಚಿನಲ್ಲಿರುವ 24 ಪಿನ್ನಿನ ದೊಡ್ಡ ಕನೆಕ್ಟರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಮೇಲಿನ ಮೂಲೆಯಲ್ಲಿ, ಫ್ಯಾನಿನ ಮರೆಯಲ್ಲಿರುವ 4 ಅಥವಾ 8 ಪಿನ್ನಿನದು ಮರೆತುಹೋಗುತ್ತದೆ. ಅದು ಇಲ್ಲದಿದ್ದರೂ ಫ್ಯಾನುಗಳು ತಿರುಗುತ್ತವೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಫ್ಯಾನ್ ತೆಗೆಯುವ ಅವಸರದಲ್ಲಿ ನೀವು ಅದನ್ನು ಎಳೆದು ಸಡಿಲ ಮಾಡಿರಬಹುದು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನ ತಂತಿಯೂ ನೋಡಲು ಹೀಗೇ ಇದ್ದರೂ ಅದರ ಒಳಜೋಡಣೆ ಬೇರೆ, ಬಲವಂತವಾಗಿ ತೂರಿಸಬೇಡಿ.

ಇನ್ನು ಪೇಸ್ಟ್ ಹಚ್ಚಿದ ಕೆಲಸ. ನಿಮ್ಮದು ಎಎಂ4 ಸಾಕೆಟ್ಟಿನ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಎಂಡಿ ಕಂಪನಿಯ ಪ್ರೊಸೆಸರ್ ಆಗಿದ್ದರೆ ಕಾಲುಗಳು ಪ್ರೊಸೆಸರಿನ ಕೆಳಗಿರುತ್ತವೆ, ಮತ್ತು ಒಣಗಿದ ಹಳೆಯ ಪೇಸ್ಟ್ ಅಂಟಿನಂತೆ ಹಿಡಿದು, ಅದನ್ನು ಹಿಡಿದಿಡುವ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೆಲವೊಮ್ಮೆ ಫ್ಯಾನಿನ ಕೆಳಗಿನ ಲೋಹದ ಹೀಟ್‌ಸಿಂಕಿನ ಜೊತೆಗೇ ಕಿತ್ತು ಬರುತ್ತದೆ. ಹಾಗೇನಾದರೂ ಆಗಿತ್ತೇ? ಆಗಿದ್ದರೆ ಕಾಲುಗಳ ಸಾಲುಗಳನ್ನು ಬೆಳಕಿಗೆ ಹಿಡಿದು ನೋಡಿ, ಬಾಗಿದ್ದನ್ನು ಸೀಸದ ಕಡ್ಡಿ ತೆಗೆದ ಕ್ಲಿಕ್ ಪೆನ್ಸಿಲ್ಲಿನ ತುದಿಯಿಂದ ನಿಧಾನವಾಗಿ ನೆಟ್ಟಗೆ ಮಾಡಬಹುದು. ಆ ಕಾಲದ ಇಂಟೆಲ್ಲಿನಲ್ಲಿ ಕಾಲುಗಳಿರುವುದು ಸಾಕೆಟ್ಟಿನಲ್ಲಿ. ಲಿವರ್ ಎತ್ತದಿದ್ದರೆ ಅವಕ್ಕೆ ಏನೂ ಆಗಿರುವುದಿಲ್ಲ, ಎತ್ತಿದ್ದರೆ ಬೆರಳು ತಾಗಿಸದೆ ಬರಿಗಣ್ಣಿನಿಂದ ನೋಡಿ ಬಿಡಿ.

ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಟ್ಯೂಷನ್ ಕೇಂದ್ರದ ಬೋರ್ಡನ್ನು ನಾನು ಬೇರೆ ಕ್ಯಾಬಿನೆಟ್ಟಿಗೆ ಬದಲಾಯಿಸಿದಾಗ ಹಾಗೇ ಆಯಿತು. ನಾನೂ ನಿಮ್ಮ ಅಂಗಡಿಯವರಂತೆ ‘ಬೋರ್ಡ್ ಹೋಗಿದೆ’ ಎಂದು ಹೇಳಿ, ಕಂಪ್ಯೂಟರ್ ಸಾಮಾನು ಸಿಗುವ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಬಸ್ಸಿನಲ್ಲಿ ಹೋಗಿ ಅವರ ದುಡ್ಡಿನಲ್ಲಿ ಬೇರೆ ಬೋರ್ಡ್ ತಂದೆ. ಅದೂ ಹಾಗೆಯೇ ಮಾಡಿದಾಗ ಬೋರ್ಡನ್ನು ಎತ್ತಿ ನೋಡಿದರೆ, ಬೋರ್ಡಿನಲ್ಲಿ ಸ್ಕ್ರೂ ತೂತೇ ಇಲ್ಲದ ಜಾಗದ ಕೆಳಗೆ, ಬೋರ್ಡನ್ನು ಎತ್ತಿ ಹಿಡಿಯುವ ಕ್ಯಾಬಿನೆಟ್ಟಿನ ಒಂದು ಹಿತ್ತಾಳೆಯ ಕಾಲು ಉಳಿದುಕೊಂಡು ಬೋರ್ಡಿನ ತಳದ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತಿತ್ತು. ಹಳೆಯ ಬೋರ್ಡಿಗೆ ಏನೂ ಆಗಿರಲಿಲ್ಲ. ಆ ದುಡ್ಡನ್ನು ಮೂರು ತಿಂಗಳ ಕಂತಿನಲ್ಲಿ ಹಿಂದಿರುಗಿಸಿದೆ. ನೀವು ಬೋರ್ಡ್ ಬಿಚ್ಚಿಲ್ಲ, ಆದರೂ ಕೆಲಸದ ನಡುವೆ ಒಂದು ಸ್ಕ್ರೂ ಕಾಣೆಯಾಗಿದ್ದರೆ ಅದನ್ನು ಹುಡುಕದೆ ಮತ್ತೆ ಆನ್ ಮಾಡಬೇಡಿ.

ಇಷ್ಟರ ಮೇಲೂ ಬಾರದಿದ್ದರೆ, ಪ್ಲಗ್ ಕಿತ್ತು, ಬೋರ್ಡಿನ ಮೇಲಿರುವ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದು ಮತ್ತೆ ಹಾಕಿ. ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಬೋರ್ಡಿನ ಒಳಗಿನ ತಂತ್ರಾಂಶದ ಸೆಟ್ಟಿಂಗುಗಳು, ಮೊದಲಿನ ಸ್ಥಿತಿಗೆ ಬರುತ್ತವೆ, ಗಡಿಯಾರ ಮಾತ್ರ ತಪ್ಪುತ್ತದೆ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಆಮೇಲೆ 48 ಅಂಕಿಗಳ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿನ ತಂತಿ ಕಾರ್ಡಿಗೇ ಸಿಕ್ಕಿಸಿದೆಯೇ ಎಂದೂ ನೋಡಿ. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೆ ನನ್ನ ಬಳಿಗೆ ಬರುವ ಎಷ್ಟೋ ಯಂತ್ರಗಳ ಕಾಯಿಲೆ ಅಷ್ಟೇ ಆಗಿರುತ್ತದೆ.

ಯಾವುದಕ್ಕೂ ಜಗ್ಗದಿದ್ದರೆ ಬೋರ್ಡನ್ನು ಹೊರಗೆ ತೆಗೆದು ಒಣ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರ್, ಅದರ ಫ್ಯಾನ್, ಒಂದು ರ‍್ಯಾಮ್, ಎಸ್‌ಎಂಪಿಎಸ್‌ನ ಎರಡು ಕನೆಕ್ಟರುಗಳನ್ನಷ್ಟೇ ಉಳಿಸಿಕೊಂಡು, ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಅರೆಕ್ಷಣ ಸೇರಿಸಿ ಆನ್ ಮಾಡಿ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಆಗಿದ್ದರೆ ಕಾರ್ಡನ್ನೂ ಹಾಕಬೇಕು. ಆಗ ಎಷ್ಟು ಬೀಪ್ ಬರುತ್ತದೆ, ಬೋರ್ಡಿನ ಮೇಲೆ ಯಾವುದಾದರೂ ಸಣ್ಣ ದೀಪ ಉರಿದರೆ ಅದರ ಪಕ್ಕದಲ್ಲಿ ಏನೆಂದು ಅಚ್ಚಾಗಿದೆ, ಬೋರ್ಡಿನ ಮಾದರಿ ಯಾವುದು ಎಂಬುದನ್ನು ಇಲ್ಲೇ ಬರೆಯಿರಿ. ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.