ಓದುಗರ ಪ್ರಶ್ನೆ: ಕಿರಿಯರಿಗೆ ಬಡ್ತಿ ಸಿಕ್ಕಿದೆ, ನಾನು ಏನು ಕೇಳಬಹುದು?

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ಅಡಿಕೆ ಮಾರಾಟ ಮಾಡುವ ಸಹಕಾರ ಸಂಘವೊಂದರಲ್ಲಿ 29 ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ನನಗೀಗ 54 ವರ್ಷ. ಚಾಲಿ, ರಾಶಿ, ಬೆಟ್ಟೆ ಯಾವುದೇ ಇರಲಿ, ಕೈಗೆತ್ತಿಕೊಂಡ ಕೂಡಲೇ ಅದರ ದರ್ಜೆ ಹೇಳಬಲ್ಲೆ. ಸದಸ್ಯರ ಸಾಲದ ಲೆಕ್ಕವೂ ನನಗೆ ಬಾಯಿಪಾಠ. ಈಚೆಗೆ ಶಾಖಾ ವ್ಯವಸ್ಥಾಪಕರ ಹುದ್ದೆ ತೆರವಾದಾಗ, ನಾನೇ ಕೆಲಸ ಹೇಳಿಕೊಟ್ಟ, ನನಗಿಂತ ಬಹಳ ಕಿರಿಯನಾದ ಹುಡುಗನಿಗೆ ಅದನ್ನು ಕೊಟ್ಟರು. ಕಾರಣ ಕೇಳಿದ್ದಕ್ಕೆ ನಿರ್ದೇಶಕರೊಬ್ಬರು “ಇನ್ನು ನಾಲ್ಕು ವರ್ಷಕ್ಕೆ ಯಾಕೆ ಮಾರಾಯ್ರೇ ಆ ತಲೆಬಿಸಿ?” ಎಂದು ನಕ್ಕುಬಿಟ್ಟರು. ವಯಸ್ಸಿನ ಕಾರಣಕ್ಕೆ ಹೀಗೆ ಮಾಡಿದ್ದನ್ನು ಪ್ರಶ್ನಿಸಲು ಕಾನೂನಿನಲ್ಲಿ ದಾರಿ ಇದೆಯೇ?

ಉತ್ತರ: ಆ ಮಾತು ನಿಮಗೆ ನಾಟಿರುವುದು ಸಹಜ. ಆದರೂ ನಿಮ್ಮ ದೂರನ್ನು ಅದರ ಮೇಲೆ ನಿಲ್ಲಿಸಬೇಡಿ. ಬಡ್ತಿಯಲ್ಲಿ ವಯಸ್ಸಿನ ಆಧಾರದ ತಾರತಮ್ಯವನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು, ಅಲ್ಲಿ ಹೆಸರಿಸಿರುವ ಧರ್ಮ, ಜಾತಿ, ಲಿಂಗ ಮುಂತಾದ ಕಾರಣಗಳ ಸಾಲಿನಲ್ಲೂ ವಯಸ್ಸು ಬರುವುದಿಲ್ಲ. ನಿಮ್ಮ ಕೈಯಲ್ಲಿರುವ ನಿಜವಾದ ಬಲ 54 ವರ್ಷದ ವಯಸ್ಸಲ್ಲ, 29 ವರ್ಷದ ಸೇವಾ ಜ್ಯೇಷ್ಠತೆ.

ಆದ್ದರಿಂದ ಮೊದಲು ಸಂಘದ ಉಪವಿಧಿ ಮತ್ತು ಸಿಬ್ಬಂದಿ ಸೇವಾ ನಿಯಮಗಳನ್ನು ತರಿಸಿಕೊಂಡು, ವ್ಯವಸ್ಥಾಪಕರ ಹುದ್ದೆಯನ್ನು ಯಾವ ಮಾನದಂಡದ ಮೇಲೆ ತುಂಬಬೇಕೆಂದು ಬರೆದಿದೆ ಎಂಬುದನ್ನು ಓದಿ. ‘ಜ್ಯೇಷ್ಠತೆ ಹಾಗೂ ಅರ್ಹತೆ’ ಎಂದಿದ್ದರೆ ನಿಮ್ಮ ಸ್ಥಾನ ಗಟ್ಟಿಯಾಗಿದೆ. ಗ್ರಾಮೀಣ ಬ್ಯಾಂಕುಗಳ ನೌಕರರಿಗೆ ಸಂಬಂಧಿಸಿದ ಬಿ. ವಿ. ಶಿವಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಇದನ್ನು ವಿವರಿಸಿ, ಕೆಲಸಕ್ಕೆ ಬೇಕಾದ ಕನಿಷ್ಠ ಅರ್ಹತೆ ಇರುವವರಲ್ಲಿ ಹಿರಿಯರಿಗೇ ಆದ್ಯತೆ ಸಿಗಬೇಕು, ಕಿರಿಯರು ಹೆಚ್ಚು ಸಮರ್ಥರೆಂಬುದು ಹಿರಿಯರನ್ನು ಹಿಂದಿಡಲು ಸಾಕಾಗದು ಎಂದಿತು. ನಿಯಮದಲ್ಲಿ ಅರ್ಹತೆಯ ಮೇಲಿನ ಆಯ್ಕೆ ಎಂದಿದ್ದರೆ ಮಾತ್ರ ಪರಿಸ್ಥಿತಿ ಬೇರೆ. ಆಗ ಕಂಪ್ಯೂಟರ್ ಲೆಕ್ಕ ಬಲ್ಲ, ಪದವಿ ಪಡೆದ ಕಿರಿಯನನ್ನು ಆರಿಸಿದ್ದು ತಪ್ಪೆಂದು ಸಾಧಿಸುವುದು ಕಷ್ಟ. ದರ್ಜೆ ಗುರುತಿಸುವ ನಿಮ್ಮ ಕಣ್ಣಿಗೆ ಆ ನಿಯಮದಲ್ಲಿ ಎಷ್ಟು ಅಂಕವಿದೆ ಎಂಬುದನ್ನು ಬೇಸರವಿಲ್ಲದೆ ನೋಡಿಕೊಳ್ಳಿ. ಬಹುಪಾಲು ಕಡೆ ಏನೂ ಇರುವುದಿಲ್ಲ, ಇದು ಸಂಘಗಳು ತಮಗೇ ಮಾಡಿಕೊಳ್ಳುವ ನಷ್ಟವೆಂದು ನನ್ನ ಅಭಿಪ್ರಾಯ.

ನಂತರ ಆಡಳಿತ ಮಂಡಳಿಗೆ ಒಂದು ಮನವಿ ಬರೆದು, ಜ್ಯೇಷ್ಠತಾ ಪಟ್ಟಿಯ ಪ್ರತಿ, ಬಡ್ತಿ ಕುರಿತ ನಿರ್ಣಯದ ಪ್ರತಿ, ಮತ್ತು ನಿಮ್ಮ ಹೆಸರನ್ನು ಪರಿಗಣಿಸಲಾಗಿತ್ತೇ ಎಂಬುದಕ್ಕೆ ಲಿಖಿತ ಉತ್ತರ ಕೇಳಿ. ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ. ಮಾಹಿತಿ ಹಕ್ಕಿನ ಅರ್ಜಿಯನ್ನು ನೇರವಾಗಿ ಸಂಘಕ್ಕೆ ಹಾಕಿದರೆ ಸಾಮಾನ್ಯವಾಗಿ ಪ್ರಯೋಜನವಾಗದು, ಏಕೆಂದರೆ ಸಹಕಾರ ಸಂಘಗಳು ಸಹಕಾರ ಕಾಯ್ದೆಯಡಿ ನೋಂದಣಿಯಾದ ಮಾತ್ರಕ್ಕೆ ಸಾರ್ವಜನಿಕ ಪ್ರಾಧಿಕಾರಗಳಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ನೀಡಿದೆ. ಆದರೆ ಸಹಕಾರ ಇಲಾಖೆಯ ಬಳಿ ಇರುವ ದಾಖಲೆಗಳನ್ನು ಇಲಾಖೆಯಿಂದ ಕೇಳಬಹುದು. ಸಮಾಧಾನಕರ ಉತ್ತರ ಬಾರದಿದ್ದರೆ, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಪ್ರಕರಣದಡಿ (ಸೆಕ್ಷನ್) ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಮುಂದೆ ವಿವಾದ ಹೂಡುವ ಹಕ್ಕು ಸಂಘದ ನೌಕರರಿಗೂ ಇದೆ, ಮತ್ತು ಸೇವಾ ಷರತ್ತುಗಳ ವಿವಾದವೂ ಅದರ ವ್ಯಾಪ್ತಿಯೊಳಗೇ ಬರುತ್ತದೆ. ತಡ ಮಾಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದು ನಿವೃತ್ತಿಯ ಹೊತ್ತಿಗೆ ಬಂದವರ ಅಹವಾಲಿಗೆ ಅಲ್ಲಿ ತೂಕ ಕಡಿಮೆ. ಅರ್ಜಿಯಲ್ಲಿ ಆ ಹುಡುಗನ ಸಾಮರ್ಥ್ಯದ ಬಗ್ಗೆ ಒಂದು ಮಾತೂ ಬೇಡ. ತಪ್ಪಿದ್ದರೆ ಅದು ನಿರ್ಣಯ ಕೈಗೊಂಡವರದ್ದು, ಹುದ್ದೆ ಪಡೆದವನದ್ದಲ್ಲ.

‘ನಾಲ್ಕು ವರ್ಷಕ್ಕೆ ಯಾಕೆ’ ಎಂಬ ಮಾತಿಗೆ ಲೆಕ್ಕದಲ್ಲೇ ಉತ್ತರವಿದೆ. ಗ್ರಾಚ್ಯುಟಿಯನ್ನು ಕೊನೆಯ ವೇತನದ ಮೇಲೆ, ತಿಂಗಳಿಗೆ 26 ದಿನವೆಂದು ಹಿಡಿದು, ಪ್ರತಿ ವರ್ಷದ ಸೇವೆಗೆ 15 ದಿನದಂತೆ ಕಟ್ಟುತ್ತಾರೆ. ಬಡ್ತಿಯಿಂದ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 3,000 ರೂಪಾಯಿ ಹೆಚ್ಚಿದ್ದರೆ, 33 ವರ್ಷದ ಸೇವೆಗೆ ಗ್ರಾಚ್ಯುಟಿಯೊಂದರಲ್ಲೇ ಸುಮಾರು 57,000 ರೂಪಾಯಿ ವ್ಯತ್ಯಾಸವಾಗುತ್ತದೆ. ಭವಿಷ್ಯನಿಧಿಯ ಪಿಂಚಣಿಯಲ್ಲಿ ಮಾತ್ರ ಇಂಥ ಲಾಭ ನಿರೀಕ್ಷಿಸಬೇಡಿ. ಅದನ್ನು ಕೊನೆಯ 60 ತಿಂಗಳ ಸರಾಸರಿಯ ಮೇಲೆ ಕಟ್ಟಿದರೂ, ಸಾಮಾನ್ಯವಾಗಿ 15,000 ರೂಪಾಯಿ ವೇತನದ ಮಿತಿಯಿರುವುದರಿಂದ, ನಿಮ್ಮ ವೇತನ ಈಗಾಗಲೇ ಅದನ್ನು ದಾಟಿದ್ದರೆ ಬಡ್ತಿಯಿಂದ ಬದಲಾವಣೆಯಾಗದು.

ಪ್ರಶ್ನೆ: ತೀರ್ಥಹಳ್ಳಿಯ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಯಸ್ಸು 49. ಮೇಲ್ವಿಚಾರಕರ ಹುದ್ದೆ ಎರಡು ಸಲವೂ ಕಿರಿಯರಿಗೆ ಹೋಯಿತು. ಇಲ್ಲಿ ನಿಯಮಾವಳಿಯೆಂಬುದೇ ಇಲ್ಲ. ನಾನೂ ಮೇಲಿನಂತೆ ಹೋರಾಡಬಹುದೇ?

ಉತ್ತರ: ಬರೆದ ನಿಯಮವಿಲ್ಲದ ಕಡೆ ಬಡ್ತಿಯ ಹಕ್ಕನ್ನು ಸಾಧಿಸುವುದು ಕಷ್ಟವೆಂದು ನೇರವಾಗಿಯೇ ಹೇಳಬೇಕು. ನೇಮಕಾತಿ ಪತ್ರದಲ್ಲಿ ಬಡ್ತಿಯ ಷರತ್ತೇನಾದರೂ ಇದೆಯೇ ನೋಡಿ. ಇಲ್ಲವಾದರೆ ಹುದ್ದೆಗಿಂತ ವೇತನವನ್ನು ಕೇಳುವುದು ಜಾಣತನ: ಹೊಸ ಮೇಲ್ವಿಚಾರಕರಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದನ್ನು, ವರ್ಷಾಂತ್ಯದ ಲೆಕ್ಕ ಮುಗಿಸುವುದನ್ನು ನೀವೇ ಮಾಡಿಕೊಡುತ್ತಿದ್ದರೆ ಆ ಕೆಲಸಗಳನ್ನು ಬರೆದು, ಅವುಗಳಿಗೆ ತಕ್ಕ ವೇತನವನ್ನು ಮಾಲೀಕರಲ್ಲಿ ಲಿಖಿತವಾಗಿ ಕೇಳಿ. ಮಾರ್ಚ್ ತಿಂಗಳ ಲೆಕ್ಕ ಮುಗಿಯುವ ಮುನ್ನ ಕೇಳುವುದು ಒಳ್ಳೆಯದು, ಆಗ ನಿಮ್ಮ ಅಗತ್ಯ ಅವರಿಗೆ ಹೆಚ್ಚಿರುತ್ತದೆ.